ಚೆಂಡಿನ ಬೈಲಿನಲ್ಲಿ ಕಲಿಯತಕ್ಕ ಧರ್ಮ

ನಮ್ಮ ಗ್ರಾಮಸಭೆಗಳ ಯೌವನಸ್ಥರು ಸಾಯಂಕಾಲದಲ್ಲಿ ಶಾಲೆಯ ಬೈಲಿನಲ್ಲಾಗಲಿ ಸುಗ್ಗಿ ತೀರಿದ ಕಣದಲ್ಲಾಗಲಿ ಎರಡು ಕಂಬಗಳನ್ನು ನೆಟ್ಟು, ನಡುವೆ ಬಲೆಯನ್ನು ಕಟ್ಟಿ ಚೆಂಡಾಡುವದನ್ನು ಕಂಡ ಹಿರಿಯರು ಎರಡು ವಿಧವಾಗಿ ಮಾತಾಡುವದುಂಟು. ಕೆಲವರು, ಇದು ಲೋಕದವರ ವಿನೋದ, ಇದರಲ್ಲಿ ಹೋದ ಹೊತ್ತು ಪ್ರಾರ್ಥನೆಗೂ ಓದಿಗೂ ಒದಗಬಹುದಾಗಿತ್ತು ಎಂದು ನಿಟ್ಟುಸಿರಿಡುತ್ತಾರೆ. ಬೇರೆ ಕೆಲವರು, ಆಡಲಿ ಬಿಡಿ, ಹೆಂಡದಂಗಡಿಗೆ ಹೋಗುವದಕ್ಕಿಂತ ಇದು ಮೇಲು, ದೇಹಕ್ಕಾದರೂ ಆರೋಗ್ಯವಾದೀತು ಎನ್ನುತ್ತಾರೆ. ಮೊದಲನೆಯವರು ಆಟದಿಂದ ಆತ್ಮಕ್ಕೆ ಕೇಡನ್ನು ಮಾತ್ರ ಕಾಣುತ್ತಾರೆ; ಎರಡನೆಯವರು ಆತ್ಮದ ಮಾತನ್ನೇ ಎತ್ತುವದಿಲ್ಲ. ಆದರೆ ಅನೇಕರು ಒಂದಾಗಿ ಆಡುವ ಆಟದಲ್ಲಿ ಆತ್ಮಕ್ಕೆ ಸಂಬಂಧಪಟ್ಟ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಅದೇನಂದರೆ: ನಾನು ಒಂದು ಗುಂಪಿಗೆ ಸೇರಿದವನಾಗಿರುವಾಗ, ಆ ಗುಂಪಿಗೆ ನಾನು ಏನನ್ನು ಸಲ್ಲಿಸತಕ್ಕದ್ದು, ಏನನ್ನು ಸಲ್ಲಿಸಬಾರದು? ಈ ಪ್ರಶ್ನೆಯು ಬೈಲಿನಲ್ಲಿ ಮಾತ್ರವಲ್ಲ, ನಮ್ಮ ಸಭೆಗಳಲ್ಲಿಯೂ ದಿನದಿನ ಹುಟ್ಟುತ್ತದೆ. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ಇದನ್ನು ವಿಚಾರಿಸಬೇಕೆಂದು ಬೇಡುತ್ತೇವೆ.

ಬಲೆಯ ಮೇಲೆ ಚೆಂಡನ್ನು ಹೊಡೆಯುವ ಈ ವಾಲಿಬಾಲ್ ಆಟವು ಲೋಕದ ದುರ್ವಿನೋದದಿಂದ ಹುಟ್ಟಿದ್ದಲ್ಲವೆಂಬದನ್ನು ಮೊದಲು ತಿಳಿಯತಕ್ಕದ್ದು. 1844ರಲ್ಲಿ ಲಂಡನ್ ಪಟ್ಟಣದಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ ಬಟ್ಟೆಯಂಗಡಿಯ ನೌಕರನೂ ಅವನ ಸ್ನೇಹಿತರೂ ಸೇರಿ, ಕೆಲಸಕ್ಕಾಗಿ ಪಟ್ಟಣಕ್ಕೆ ಬಂದ ಯೌವನಸ್ಥರು ಕೆಡದಂತೆ ಪ್ರಾರ್ಥನೆಗೂ ಸತ್ಯವೇದದ ಓದಿಗೂ ಒಂದು ಸಂಘವನ್ನು ಸ್ಥಾಪಿಸಿದರು. ಅದೇ ವೈ.ಎಂ.ಸಿ.ಎ. ಎಂದು ಕರೆಯಲ್ಪಡುವ ಕ್ರೈಸ್ತ ಯೌವನಸ್ಥರ ಸಂಘ. ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿದ್ದ ಆ ಸಂಘದ ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಉಪಾಧ್ಯಾಯನಿದ್ದನು. ಕೆನಡಾ ದೇಶದವನಾದ ಇವನು ದೈವಶಾಸ್ತ್ರವನ್ನು ಓದಿದವನು. ಚಳಿಗಾಲದಲ್ಲಿ ಮನೆಯೊಳಗೆ ಆಡತಕ್ಕ ಒಂದು ಆಟವು ಬೇಕಾಗಿರಲಾಗಿ, 1891ರ ದಶಂಬರದಲ್ಲಿ ಇವನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದು, ಬಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದನು. ಮೊದಲನೆಯ ಆಟದಲ್ಲಿ ಪಕ್ಷಕ್ಕೆ ಒಂಬತ್ತು ಮಂದಿಯಂತೆ 18 ವಿದ್ಯಾರ್ಥಿಗಳು ಆಡಿದರು.

ನೇಸ್ಮಿತನ ವಿಚಾರವು ಗಮನಿಸತಕ್ಕದ್ದಾಗಿದೆ. ಆ ಕಾಲದ ಚೆಂಡಾಟಗಳಲ್ಲಿ ಒಬ್ಬರನ್ನೊಬ್ಬರು ಕೆಡವಿ ಗಾಯಪಡಿಸುವದು ಯಾಕೆಂದು ಅವನು ಆಲೋಚಿಸಿದನು. ಒಬ್ಬನು ಚೆಂಡನ್ನು ತನ್ನದಾಗಿ ಹಿಡುಕೊಂಡು ಓಡುವದರಿಂದಲೇ ಅವನನ್ನು ಕೆಡವಬೇಕಾಗುತ್ತದೆ. ಹಿಡುಕೊಂಡು ಓಡುವದೇ ಇಲ್ಲದಿದ್ದರೆ ಕೆಡವುವ ಕಾರಣವೂ ಇಲ್ಲ ಎಂದು ಕಂಡುಕೊಂಡನು. ಆದಕಾರಣ ಚೆಂಡನ್ನು ಹಿಡಿದವನು ಅದರೊಂದಿಗೆ ಓಡಬಾರದು, ನಿಂತಲ್ಲಿಂದಲೇ ಮತ್ತೊಬ್ಬನಿಗೆ ದಾಟಿಸಬೇಕು ಎಂದು ವಿಧಿಸಿದನು. ಅದೇ ಶಾಲೆಯಲ್ಲಿ ಕಲಿತ ವಿಲಿಯಮ್ ಮಾರ್ಗನ್ ಎಂಬವನು 1895ರಲ್ಲಿ ಹೋಲಿಯೋಕ್ ಎಂಬ ಊರಿನ ಸಂಘದಲ್ಲಿ, ಹೆಚ್ಚು ಓಡಲಾರದ ನಡುವಯಸ್ಸಿನವರ ಸಲುವಾಗಿ, ಎರಡು ಪಕ್ಷಗಳ ನಡುವೆ ಬಲೆಯನ್ನೇ ಕಟ್ಟಿ ಮತ್ತೊಂದು ಆಟವನ್ನು ಕಲ್ಪಿಸಿದನು. ಅದೇ ಈಗ ನಮ್ಮ ಹಳ್ಳಿಗಳಲ್ಲಿಯೂ ಆಡಲ್ಪಡುವ ವಾಲಿಬಾಲ್. ನಮ್ಮ ದೇಶದಲ್ಲಿ ಇಂಥ ಆಟಗಳು ಹಬ್ಬುವದಕ್ಕೆ ಅದೇ ಸಂಘದವರು ಬಹಳ ಸಹಾಯ ಮಾಡಿದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವನು ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣದ ಶಾಲೆಯಿಂದ ಅನೇಕ ಉಪಾಧ್ಯಾಯರು ತರಬೇತಾಗಿ ಹೊರಟರು.

ಈಗ ಈ ಆಟದ ನಿಯಮಗಳನ್ನು ನೋಡೋಣ. ಒಂದೊಂದು ಪಕ್ಷಕ್ಕೆ ಆರು ಮಂದಿ. ಚೆಂಡನ್ನು ಯಾರೂ ಹಿಡುಕೊಳ್ಳಬಾರದು. ಮೂರು ಹೊಡೆತಗಳೊಳಗೆ ಅದನ್ನು ಬಲೆಯಾಚೆಗೆ ಕಳುಹಿಸಬೇಕು. ಬಲೆಯ ಬಳಿಯಲ್ಲಿ ಎದುರಿನವರ ಹೊಡೆತವನ್ನು ತಡೆಯುವಾಗಿನ ಸ್ಪರ್ಶದ ಹೊರತು, ಒಬ್ಬನೇ ಎರಡು ಸಾರಿ ಒಂದರ ಮೇಲೊಂದಾಗಿ ಮುಟ್ಟಬಾರದು. ಇದರಿಂದಾಗುವದೇನಂದರೆ, ಎಷ್ಟೇ ಬಲಿಷ್ಠನಾದವನಾದರೂ ತನ್ನಷ್ಟಕ್ಕೆ ತಾನೇ ಆಟವಾಡಲಾರನು. ಅವನು ಮುಟ್ಟಿದ್ದನ್ನು ಮತ್ತೊಬ್ಬನು ಮುಟ್ಟಲೇ ಬೇಕು. ನಮ್ಮ ಹಳ್ಳಿಗಳಲ್ಲಿ ಒಬ್ಬನ ಕೈ ತಾಕಿದ ಕೊಡವನ್ನು ಮತ್ತೊಬ್ಬನು ಮುಟ್ಟದೆ ಇದ್ದ ಕಾಲವು ಬಹು ದೂರದ್ದಲ್ಲ. ಕೆಲವೆಡೆಗಳಲ್ಲಿ ಆ ಮನಸ್ಸು ಇನ್ನೂ ಸತ್ತಿಲ್ಲ. ಸ್ನಾನಮಾಡಿಸಿಕೊಂಡ ನಮ್ಮ ನಡುವೆಯೂ ಕರ್ತನ ಭೋಜನದ ಪಾತ್ರೆಯ ಬಳಿಯಲ್ಲಿ ಯಾರ ತರುವಾಯ ಯಾರು ಎಂಬ ಲೆಕ್ಕವು ಗುಟ್ಟಾಗಿ ನಡೆಯುವದುಂಟೋ ಇಲ್ಲವೋ ಎಂಬದನ್ನು ಒಂದೊಂದು ಸಭೆಯು ತನ್ನನ್ನೇ ಕೇಳಿಕೊಳ್ಳಲಿ. ಚೆಂಡಾದರೋ ಕುಲವನ್ನು ಕೇಳುವದಿಲ್ಲ. ಹೊಲೆಗೇರಿಯಿಂದ ಬಂದವನ ಕೈ ಎತ್ತಿಕೊಟ್ಟದ್ದನ್ನು ಊರೊಳಗಿನವನ ಕೈ ಹೊಡೆಯದಿದ್ದರೆ ಆಟವೇ ಇಲ್ಲ.

ಇನ್ನೊಂದು ನಿಯಮವುಂಟು. ಚೆಂಡನ್ನು ಮೊದಲು ಹೊಡೆಯುವ ಹಕ್ಕು ಎದುರಿನವರಿಂದ ತಿರಿಗಿ ದೊರೆತಾಗಲೆಲ್ಲಾ ಆ ಪಕ್ಷದ ಆರು ಮಂದಿಯೂ ಒಂದೊಂದು ಸ್ಥಾನ ಸುತ್ತಿಕೊಳ್ಳಬೇಕು. ಹಿಂಬದಿಯ ಕಾವಲಿಗೆಂದೇ ನೇಮಿಸಲ್ಪಡುವವನ ಹೊರತು, ಬಲೆಯ ಮುಂದೆ ನಿಂತವನು ಹಿಂದಕ್ಕೆ ಹೋಗುವನು, ಹಿಂದಿದ್ದವನು ಮುಂದಕ್ಕೆ ಬರುವನು. ಕೆಲವು ಊರುಗಳಲ್ಲಿ ಈ ನಿಯಮವನ್ನು ಕೈಬಿಟ್ಟು, ಚೆನ್ನಾಗಿ ಹೊಡೆಯುವವನನ್ನು ಯಾವಾಗಲೂ ಮುಂದೆಯೇ ನಿಲ್ಲಿಸಿ ಆಡುವದುಂಟು. ಹಾಗೆ ಆಡುವವರು ಒಂದೆರಡು ಆಟಗಳನ್ನು ಗೆದ್ದಾರು. ಆದರೆ ಹಿಂದಿರುವವನು ಹೊಡೆಯಲು ಎಂದಿಗೂ ಕಲಿಯುವದಿಲ್ಲ, ಮುಂದಿರುವವನು ಮಣ್ಣಿಗೆ ಬಗ್ಗಿ ಚೆಂಡನ್ನು ಎತ್ತುವದಕ್ಕೆ ಎಂದಿಗೂ ಕಲಿಯುವದಿಲ್ಲ. ಇಪ್ಪತ್ತು ವರುಷ ಒಬ್ಬರೇ ಲೆಕ್ಕ ಇಡುವ, ಒಬ್ಬರೇ ಪ್ರಾರ್ಥನೆ ನಡಿಸುವ, ಒಬ್ಬರೇ ಎಲ್ಲಾ ಕೂಟಗಳಲ್ಲಿ ಮೇಲಿನ ಪೀಠದಲ್ಲಿ ಕೂರುವ ಸಭೆಗಳ ಸ್ಥಿತಿಯೂ ಹೀಗೆಯೇ. ಆ ಹಿರಿಯನು ಒಳ್ಳೆಯವನೇ ಆಗಿರಬಹುದು. ಆದರೂ ಅವನು ಕಣ್ಣು ಮುಚ್ಚಿದ ದಿನ ಸಭೆಯಲ್ಲಿ ಲೆಕ್ಕ ಬಲ್ಲವನೊಬ್ಬನೂ ಇರುವದಿಲ್ಲ.

ಪೌಲ ಅಪೊಸ್ತಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿ ದೇಹದ ಅಂಗಗಳ ದೃಷ್ಟಾಂತವನ್ನು ಹೇಳಿ, ಬಲಹೀನವಾಗಿ ತೋರುವ ಅಂಗವೂ ಅವಶ್ಯವೆಂದು ಕಲಿಸಿದ್ದಾನೆ. ಅದೇ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಓಟಗಾರರ ಮಾತನ್ನು ಎತ್ತಿದ್ದಾನೆ. ಕೊರಿಂಥದ ಸಮೀಪದಲ್ಲಿ ಎರಡು ವರುಷಕ್ಕೊಂದಾವರ್ತಿ ಇಸ್ತಮ್ಯದ ಪಂದ್ಯಗಳು ನಡೆಯುತ್ತಿದ್ದದರಿಂದ ಆ ಪಟ್ಟಣದವರಿಗೆ ಈ ಮಾತು ಕೂಡಲೇ ತಿಳಿಯಿತು. ಆಟವು ಪಾಪವೆಂದು ಅಪೊಸ್ತಲನು ಎಣಿಸಿದ್ದರೆ ಪರಲೋಕದ ಕಿರೀಟಕ್ಕೆ ಅದನ್ನು ದೃಷ್ಟಾಂತವಾಗಿ ಎತ್ತುತ್ತಿದ್ದನೋ? ಅಷ್ಟುಮಾತ್ರವಲ್ಲ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ನಿಯಮದ ಪ್ರಕಾರ ಹೋರಾಡದವನಿಗೆ ಕಿರೀಟವು ಸಲ್ಲದೆಂಬ ಅರ್ಥದ ಮಾತನ್ನೂ ಬರೆದಿದ್ದಾನೆ. ಈ ಕಡೇ ಮಾತೇ ನಮ್ಮನ್ನು ಕಠಿಣವಾದ ಪ್ರಶ್ನೆಗೆ ನಡಿಸುತ್ತದೆ.

ಇದುವರೆಗೆ ನಾವು ಹೊಗಳಿದ್ದು ಒಡನಾಟವನ್ನು. ಆದರೆ ಒಡನಾಟವು ತಾನಾಗಿಯೇ ಒಳ್ಳೇದೋ? ಕಳ್ಳರ ಗುಂಪಿನಲ್ಲಿಯೂ ಒಡನಾಟವುಂಟು. ಅವರು ಸಹ ಒಬ್ಬರಿಗೊಬ್ಬರು ಸಹಾಯಮಾಡುತ್ತಾರೆ, ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಾರೆ, ಹೊಡೆತ ತಿಂದರೂ ಜೊತೆಗಾರನ ಹೆಸರು ಹೇಳುವದಿಲ್ಲ. ಹಾಗಾದರೆ ತಂಡವೆಂಬದಕ್ಕೂ ಕಳ್ಳಕೂಟಕ್ಕೂ ಭೇದವೆಲ್ಲಿ?

ಬೈಲಿನ ಒಂದು ಸಂಗತಿಯಿಂದ ಇದನ್ನು ಪರೀಕ್ಷಿಸೋಣ. ಎರಡು ಪಕ್ಷಗಳೂ ಸರಿಸಮವಾಗಿವೆ ಎಂದಿಟ್ಟುಕೊಳ್ಳಿರಿ. ಎದುರಿನವನು ಚೆಂಡನ್ನು ಬಲವಾಗಿ ಹೊಡೆಯುತ್ತಾನೆ. ತಡೆಯುವದಕ್ಕೆ ಹಾರಿದವನ ಬೆರಳಿನ ತುದಿಯನ್ನು ಅದು ಸವರಿಕೊಂಡು ಹೋಗಿ ಗೆರೆಯ ಹೊರಗೆ ಬೀಳುತ್ತದೆ. ಬೆರಳಿಗೆ ತಾಕದೆ ಹೊರಗೆ ಬಿದ್ದಿದ್ದರೆ ಅಂಕವು ತಡೆಯುವವನ ಪಕ್ಷಕ್ಕೆ. ತಾಕಿ ಬಿದ್ದದರಿಂದ ಎದುರಿನವರಿಗೆ. ತೀರ್ಪುಗಾರನು ತಾಕಿದ್ದನ್ನು ಕಾಣಲಿಲ್ಲ. ನೋಡುವ ಜನರೂ ಕಾಣಲಿಲ್ಲ. ತಾಕಿದ ಬೆರಳಿನವನಿಗೆ ಮಾತ್ರ ಗೊತ್ತುಂಟು. ಅವನು ಈಗ ಮಾಡತಕ್ಕದ್ದೇನು?

ಸುಮ್ಮನಿರು ಎಂದು ಹೇಳುವವರ ವಾದವು ಬುದ್ಧಿಹೀನವಾದದ್ದಲ್ಲ. ಅದನ್ನು ನ್ಯಾಯವಾಗಿಯೇ ಕೇಳಬೇಕು. ಅವರು ಹೇಳುವದೇನಂದರೆ: ತೀರ್ಪು ಕೊಡುವದು ತೀರ್ಪುಗಾರನ ಕೆಲಸ, ಆಟಗಾರನದ್ದಲ್ಲ. ಅವನು ನಮಗೆ ವಿರೋಧವಾಗಿ ತಪ್ಪು ತೀರ್ಪು ಕೊಟ್ಟಾಗ ಎದುರಿನವರು ಬಾಯಿ ಬಿಡಲಿಲ್ಲ. ಹೆಚ್ಚಾಗಿ, ಆ ಅಂಕವು ಇವನೊಬ್ಬನದ್ದಲ್ಲ, ಆರು ಮಂದಿಯದ್ದು. ತನ್ನ ಸ್ವಂತ ಹಣವನ್ನು ದಾನಮಾಡುವದು ಧರ್ಮ. ಬೇರೆ ಐವರ ಹಣವನ್ನು ಅವರನ್ನು ಕೇಳದೆ ಕೊಟ್ಟುಬಿಡುವದು ಧರ್ಮವೋ? ತನ್ನ ಮನಸ್ಸಾಕ್ಷಿಯ ನೆಮ್ಮದಿಗೋಸ್ಕರ ಜೊತೆಯವರ ದುಡಿತವನ್ನು ಬಲಿಕೊಡುವವನು ಒಂದು ವಿಧದ ಸ್ವಾರ್ಥಿಯೇ.

ಈ ವಾದದ ಬಲವು ಕಡೇ ಮಾತಿನಲ್ಲಿದೆ, ಅದರ ಕುಂದೂ ಅಲ್ಲಿಯೇ ಇದೆ. ಒಬ್ಬನು ತನಗಿರುವದನ್ನು ಮಾತ್ರ ಕೊಡಬಲ್ಲನು, ಐವರಿಗೆ ಸೇರಿದ್ದನ್ನು ಕೊಡಕೂಡದು ಎಂಬದು ನಿಜವೇ. ಆದರೆ ಆ ಅಂಕವು ಆ ಐವರಿಗೆ ಯಾವಾಗ ಸೇರಿತು? ಬೆರಳಿಗೆ ತಾಕಿದ ಕ್ಷಣದಲ್ಲಿಯೇ ನಿಯಮದ ಪ್ರಕಾರ ಅದು ಎದುರಿನವರದ್ದಾಯಿತು. ಅದನ್ನು ಒಪ್ಪಿಕೊಳ್ಳುವವನು ಜೊತೆಯವರ ಸೊತ್ತನ್ನು ದಾನಮಾಡುವದಿಲ್ಲ, ತಪ್ಪಿ ಮನೆಗೆ ಬಂದ ಬೇರೊಬ್ಬನ ಎತ್ತನ್ನು ಹಿಂದಕ್ಕೆ ಅಟ್ಟುತ್ತಾನೆ. ಆ ಎತ್ತನ್ನು ಕಟ್ಟಿಕೊಂಡು ಮನೆಯ ಐದು ಮಂದಿಯೂ ಉತ್ತರೆ ಎನ್ನುವದರಿಂದ ಅದು ನಮ್ಮದಾಗುವದಿಲ್ಲ. ಇದಲ್ಲದೆ, ತೀರ್ಪುಗಾರನ ಕೆಲಸವು ನಿಜವನ್ನು ಹುಟ್ಟಿಸುವದಲ್ಲ, ಕಂಡ ನಿಜವನ್ನು ಸಾರುವದೇ. ಅವನು ಕಾಣದಿರುವದರಿಂದ ನಡೆದದ್ದು ನಡೆಯದಂತಾಗುವದಿಲ್ಲ.

ಮತ್ತೊಂದು ಕಾರಣವನ್ನು ಸಹ ವಿಚಾರಿಸಬೇಕು. ಆ ಆರು ಮಂದಿ ಬೈಲಿಗೆ ಬಂದದ್ದು ಯಾತಕ್ಕೆ? ಗೆಲ್ಲುವದಕ್ಕೆ. ಗೆಲ್ಲುವದಂದರೆ ಏನು? ಎದುರಿನವರಿಗಿಂತ ಚೆನ್ನಾಗಿ ಆಡುವದು. ಸುಳ್ಳಿನಿಂದ ದೊರೆತ ಅಂಕವು ಚೆನ್ನಾಗಿ ಆಡಿದ್ದಕ್ಕೆ ಗುರುತಲ್ಲವಾದ್ದರಿಂದ, ಅವರು ಬಯಸಿ ಬಂದದ್ದು ಅವರಿಗೆ ಸಿಕ್ಕಲೇ ಇಲ್ಲ; ಅದರ ಹೆಸರು ಮಾತ್ರ ಸಿಕ್ಕಿತು. ಮೌನದಿಂದ ಜೊತೆಯವರಿಗೆ ಉಪಕಾರಮಾಡಿದೆನೆಂದು ನೆನಸುವವನು ಅವರಿಗೆ ಜಳ್ಳನ್ನು ಅಳೆದು ಕೊಟ್ಟು ಕಾಳೆಂದು ಹೇಳಿದಂತಾಯಿತು. ಇದೇ ತಂಡಕ್ಕೂ ಕಳ್ಳಕೂಟಕ್ಕೂ ಇರುವ ಭೇದ. ಕಳ್ಳಕೂಟವು ತನ್ನವರಿಂದ ಮೌನವನ್ನು ಕೇಳುತ್ತದೆ. ತಂಡವು ತನ್ನವರಿಂದ ಶಕ್ತಿಯನ್ನೆಲ್ಲಾ ಕೇಳಬಹುದು, ಹೊತ್ತನ್ನೂ ಹೆಸರನ್ನೂ ಸ್ಥಾನವನ್ನೂ ಕೇಳಬಹುದು, ಸತ್ಯವನ್ನು ಮಾತ್ರ ಕೇಳಕೂಡದು. ಯಾಕಂದರೆ ಅದು ನಮ್ಮದಲ್ಲ, ಕರ್ತನದು.

2023ರಲ್ಲಿ ನಡೆದ ನೇಷನ್ಸ್ ಲೀಗ್ ಎಂಬ ಅಂತರರಾಷ್ಟ್ರೀಯ ವಾಲಿಬಾಲ್ ಪಂದ್ಯಗಳಲ್ಲಿ, ತನ್ನ ಬೆರಳು ತಾಕಿತೆಂದು ಒಪ್ಪಿಕೊಂಡ ಆಟಗಾರನಿಗೆ ತೀರ್ಪುಗಾರನು ಹಸಿರು ಚೀಟಿಯನ್ನು ಎತ್ತಿ ತೋರಿಸಿ ಗೌರವಿಸುವ ಪದ್ಧತಿಯನ್ನು ತಂದರು. ಇದು ಒಳ್ಳೇದೇ. ಆದರೂ ಅಂಥ ದೊಡ್ಡ ಪಂದ್ಯಗಳಲ್ಲಿ ಯಂತ್ರದ ಕಣ್ಣು ನಾಲ್ಕು ಕಡೆಗಳಿಂದ ನೋಡುತ್ತಿರುತ್ತದೆ, ಒಪ್ಪಿಕೊಳ್ಳದಿದ್ದರೂ ಸತ್ಯವು ಹೊರಬೀಳಬಹುದು. ನಮ್ಮ ಹಳ್ಳಿಯ ಬೈಲಿನಲ್ಲಿ ಯಂತ್ರವೂ ಇಲ್ಲ, ಹಸಿರು ಚೀಟಿಯೂ ಇಲ್ಲ. ಅಲ್ಲಿ ಕೈಯೆತ್ತಿ ತಾಕಿತೆನ್ನುವವನಿಗೆ ದೊರೆಯುವದು ಜೊತೆಯವರ ಮುನಿಸು ಮಾತ್ರ. ಹಾಗಿದ್ದರೂ ಎತ್ತಿದ ಆ ಕೈಯ ಬೆಲೆಯನ್ನು ಅಂತರಂಗವನ್ನು ನೋಡುವಾತನೇ ಬಲ್ಲನು.

ಸಹೋದರರೇ, ಇದು ಬರೀ ಚೆಂಡಿನ ಮಾತಲ್ಲ. ಹೊಲದ ಬದುವಿನ ವ್ಯಾಜ್ಯದಲ್ಲಿ ನಮ್ಮ ಸಭೆಯವನಿಗೂ ಹೊರಗಿನವನಿಗೂ ಜಗಳವಾದಾಗ, ಪಂಚಾಯತರ ಮುಂದೆ ಸಾಕ್ಷಿ ಹೇಳಲು ನಮ್ಮನ್ನು ಕರೆಯುತ್ತಾರೆ. ಕಲ್ಲನ್ನು ಕಿತ್ತು ನೆಟ್ಟವನು ನಮ್ಮವನೇ ಎಂದು ನಮಗೆ ಗೊತ್ತುಂಟು. ನಮ್ಮವನು ನಮ್ಮ ಕಣ್ಣನ್ನೇ ನೋಡುತ್ತಾನೆ. ನಾವು ಸ್ವಲ್ಪ ಜನ, ನಮ್ಮವರನ್ನು ನಾವೇ ಬಿಟ್ಟುಕೊಟ್ಟರೆ ಯಾರು ಕಾಯುವರು ಎಂದು ಮನಸ್ಸು ಹೇಳುತ್ತದೆ. ಈ ಭಯವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಸ್ವಲ್ಪ ಜನರಾಗಿ ದೊಡ್ಡ ಊರಿನಲ್ಲಿ ಬದುಕುವವರ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಆದರೂ ಆ ದಿನ ನಾವು ಸುಳ್ಳಾಡಿದರೆ, ಉಳಿಯುವದು ಕ್ರಿಸ್ತನ ಸಭೆಯಲ್ಲ. ಊರಿನಲ್ಲಿ ಮೊದಲೇ ಇದ್ದ ಕುಲಕಟ್ಟುಗಳ ಪಕ್ಕದಲ್ಲಿ ಮತ್ತೊಂದು ಕುಲಕಟ್ಟು.

ಬಚ್ಚಿಟ್ಟ ತಪ್ಪು ಒಬ್ಬನಲ್ಲಿಯೇ ನಿಲ್ಲುವದಿಲ್ಲವೆಂಬದನ್ನು ಯೆಹೋಶುವನ ಪುಸ್ತಕದ ಏಳನೆಯ ಅಧ್ಯಾಯವು ತೋರಿಸುತ್ತದೆ. ಆಕಾನನೆಂಬವನು ಕೊಳ್ಳೆಯಲ್ಲಿ ಬಟ್ಟೆಯನ್ನೂ ಬೆಳ್ಳಿಯನ್ನೂ ಬಂಗಾರವನ್ನೂ ಕದ್ದು ತನ್ನ ಡೇರೆಯೊಳಗೆ ಹೂಣಿಟ್ಟನು. ಪಾಳೆಯದಲ್ಲಿ ಅದನ್ನು ಅರಿಯದವರು ಆಯಿ ಎಂಬ ಪಟ್ಟಣದ ಮುಂದೆ ಸೋತು ಓಡಿದರು. 36 ಮಂದಿ ಸತ್ತರು. ಅವನಿಗೆ ಬಂದ ಶಿಕ್ಷೆಯನ್ನು ಓದುವಾಗ ನಾವು ನಡುಗುತ್ತೇವೆ. ಆ ಅಧ್ಯಾಯದಿಂದ ನಾವು ಈಗ ತೆಗೆದುಕೊಳ್ಳತಕ್ಕದ್ದು ಇಷ್ಟೇ: ಡೇರೆಯೊಳಗಿನ ಮೌನಕ್ಕೆ ಬೆಲೆ ಕೊಟ್ಟವರು ಡೇರೆಯ ಹೊರಗಿನವರು.

ಹಾಗಾದರೆ ಸತ್ಯವನ್ನು ಆಡುವವನಿಗೂ, ತಪ್ಪನ್ನು ಒಪ್ಪಿಕೊಂಡವನಿಗೂ ಗತಿಯೇನು? ಇಲ್ಲಿ ನಮ್ಮ ದೇಶದ ಕಬಡ್ಡಿಯಾಟವು ನಮಗೆ ಒಂದು ಒಳ್ಳೇ ಪಾಠವನ್ನು ಹೇಳುತ್ತದೆ. ಅದರಲ್ಲಿ ಸಿಕ್ಕಿಬಿದ್ದವನು ಗೆರೆಯ ಹೊರಗೆ ಹೋಗಿ ಕೂತುಕೊಳ್ಳಬೇಕು. ಅವನು ಎಷ್ಟೇ ಶೂರನಾದರೂ ತನ್ನ ಬಲದಿಂದ ಒಳಗೆ ಬರಲಾರನು. ಅವನ ಜೊತೆಗಾರರು ಎದುರಿನವರಲ್ಲಿ ಒಬ್ಬನನ್ನು ಹೊರಗೆ ಹಾಕಿದಾಗಲೇ, ಹೊರಗೆ ಹೋದವರಲ್ಲಿ ಮೊದಲಿನವನು ತಿರಿಗಿ ಜೀವಪಡೆದು ಒಳಗೆ ಬರುವನು. ಹೊರಗೆ ಕೂತಿರುವವನು ಬೈಲಿನಿಂದ ಓಡಿಹೋಗುವದಿಲ್ಲ. ಒಳಗಿರುವವರು ಅವನನ್ನು ಮರೆತುಬಿಡುವದಿಲ್ಲ, ಅವನನ್ನು ಎಬ್ಬಿಸುವದಕ್ಕಾಗಿಯೇ ಉಸಿರು ಹಿಡಿದು ಎದುರಿನ ಪಾಳೆಯಕ್ಕೆ ನುಗ್ಗುತ್ತಾರೆ. ನಮ್ಮ ಸಭೆಗಳಲ್ಲಿ ಕರ್ತನ ಭೋಜನದಿಂದ ತಡೆಯಲ್ಪಟ್ಟವರು ಉಂಟಷ್ಟೆ. ಅವರಲ್ಲಿ ಎಷ್ಟು ಮಂದಿಯನ್ನು ಎಬ್ಬಿಸುವದಕ್ಕೆ ನಾವು ಉಸಿರು ಹಿಡಿದಿದ್ದೇವೆ? ಶಿಕ್ಷಿಸಲ್ಪಟ್ಟವನು ಅಧಿಕ ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಬೇಕೆಂದು ಪೌಲನು ಕೊರಿಂಥದವರಿಗೆ ಎರಡನೆಯ ಪತ್ರಿಕೆಯಲ್ಲಿ ಬುದ್ಧಿಹೇಳಿದ್ದಾನೆ. ಸತ್ಯವನ್ನು ಕೇಳುವ ಸಭೆಯು ಬಿದ್ದವನನ್ನು ತಿರಿಗಿ ಕರತರುವ ಸಭೆಯೂ ಆಗಿರಬೇಕು. ಇಲ್ಲವಾದರೆ ಯಾರೂ ಸತ್ಯವನ್ನು ಆಡರು, ಭಯದಿಂದ ಎಲ್ಲರೂ ತಮ್ಮ ತಮ್ಮ ಡೇರೆಗಳಲ್ಲಿ ಹೂಣಿಡುವರು.

ಸತ್ಯವೂ ಪ್ರೀತಿಯೂ ಒಬ್ಬ ಮನುಷ್ಯನಲ್ಲಿ ಕೂಡಿದ್ದಕ್ಕೆ ಒಂದು ದೃಷ್ಟಾಂತವನ್ನು ಕೊಡುವೆವು. ಸ್ಕಾಟ್ಲೆಂಡ್ ದೇಶದ ಪರವಾಗಿ ರಗ್ಬಿ ಎಂಬ ಚೆಂಡಾಟವನ್ನು ಆಡಿದ ಎರಿಕ್ ಲಿಡ್ಡೆಲ್ ಎಂಬವನು 1924ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ, ಕರ್ತನ ದಿನದಲ್ಲಿ ಓಡಲೊಲ್ಲದೆ, ತಾನು ಗೆಲ್ಲಬಹುದೆಂದು ಜನರು ನಂಬಿದ್ದ 100 ಮೀಟರ್ ಓಟವನ್ನೇ ಬಿಟ್ಟುಕೊಟ್ಟನು. ತರುವಾಯ 400 ಮೀಟರ್ ಓಟದಲ್ಲಿ ಚಿನ್ನದ ಪದಕವನ್ನು ಹೊಂದಿದನು. ಆಮೇಲೆ ಮಿಶನೆರಿಯಾಗಿ ಚೀನಾ ದೇಶಕ್ಕೆ ಹೋದನು. 1943ರಲ್ಲಿ ಜಪಾನಿನವರು ಅವನನ್ನು ಬೇರೆ ಪರದೇಶಸ್ಥರೊಂದಿಗೆ ವೇಹ್ಸಿಯೆನ್ ಎಂಬಲ್ಲಿ ಸೆರೆಯಲ್ಲಿಟ್ಟರು. ಆ ಸೆರೆಯಲ್ಲಿ ಅವನು ಮಕ್ಕಳಿಗೆ ಆಟಗಳನ್ನು ಏರ್ಪಡಿಸುತ್ತಿದ್ದನು. ಆದಿತ್ಯವಾರ ಮಾತ್ರ ಒಲ್ಲೆನೆನ್ನುತ್ತಿದ್ದನು. ಆದರೆ ಯೌವನಸ್ಥರು ಒಂದು ಆದಿತ್ಯವಾರ ತೀರ್ಪುಗಾರನಿಲ್ಲದೆ ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಮುಂದಿನ ಆದಿತ್ಯವಾರ ಅವನು ತಾನೇ ಬೈಲಿಗೆ ಬಂದು ತೀರ್ಪುಗಾರನಾಗಿ ನಿಂತನೆಂದು ಅವನೊಡನೆ ಸೆರೆಯಲ್ಲಿದ್ದವರು ಹೇಳಿದ್ದಾರೆ. ತನ್ನ ಕೀರ್ತಿಗೋಸ್ಕರ ಮುರಿಯದ ನೇಮವನ್ನು ಅವನು ಮಕ್ಕಳ ಸಮಾಧಾನಕ್ಕೋಸ್ಕರ ಸಡಿಲಿಸಿದನು. 1945ರ ಫೆಬ್ರವರಿಯಲ್ಲಿ ಆ ಸೆರೆಯಲ್ಲಿಯೇ ಕರ್ತನಲ್ಲಿ ನಿದ್ರೆಹೋದನು.

ಆಟವು ಯಾರನ್ನೂ ರಕ್ಷಿಸಲಾರದು. ಬೈಲಿನಲ್ಲಿ ನ್ಯಾಯವಾಗಿ ಆಡಿ ಮನೆಯಲ್ಲಿ ಹೆಂಡತಿಯನ್ನು ಹೊಡೆಯುವವರೂ, ಚೆಂಡನ್ನು ಹಂಚಿಕೊಂಡು ಬಾವಿಯನ್ನು ಹಂಚಿಕೊಳ್ಳದವರೂ ಇದ್ದಾರೆ. ಆದರೂ ಚಿಕ್ಕ ಸಂಗತಿಯಲ್ಲಿ ನಂಬಿಗಸ್ತನಾಗಿರಲು ಕಲಿಯುವದಕ್ಕೆ ಅದು ತಕ್ಕ ಸ್ಥಳವಾಗಿದೆ. ಯಾಕಂದರೆ ಅಲ್ಲಿ ಸೋತರೆ ಹೋಗುವದು ಒಂದು ಅಂಕ ಮಾತ್ರ. ಒಂದು ಅಂಕಕ್ಕೋಸ್ಕರ ಸುಳ್ಳಾಡದವನು ಹೊಲದ ಬದುವಿಗೋಸ್ಕರ ಸುಳ್ಳಾಡದಿರಲು ಸ್ವಲ್ಪವಾದರೂ ಅಭ್ಯಾಸಮಾಡಿಕೊಂಡಿರುವನು. ಆದಕಾರಣ ಹಿರಿಯರೇ, ನಿಮ್ಮ ಊರಿನ ಯೌವನಸ್ಥರು ಚೆಂಡಾಡುವಾಗ ದೂರದಿಂದ ನಿಟ್ಟುಸಿರಿಡಬೇಡಿರಿ. ಹತ್ತಿರ ಹೋಗಿ, ಬೇಕಾದರೆ ನೀವೇ ತೀರ್ಪುಗಾರರಾಗಿ ನಿಲ್ಲಿರಿ. ಯೌವನಸ್ಥರೇ, ನಿಮ್ಮಲ್ಲಿ ಒಬ್ಬನು ಕೈಯೆತ್ತಿ, ನನಗೆ ತಾಕಿತು ಎಂದು ಹೇಳಿ ನಿಮ್ಮನ್ನು ಸೋಲಿಸುವ ದಿನ ಬಂದರೆ, ಅವನ ಮೇಲೆ ಮುನಿಯಬೇಡಿರಿ. ನಾಳೆ ನೀವು ಅನ್ಯಾಯದಲ್ಲಿ ಸಿಕ್ಕಿ, ನಿಮಗಾಗಿ ನಿಜವನ್ನು ನುಡಿಯುವ ಒಬ್ಬ ಸಾಕ್ಷಿಯೂ ಕಾಣದಿರುವಾಗ, ನಿಮ್ಮ ಪಕ್ಕದಲ್ಲಿ ಬಂದು ನಿಲ್ಲುವವನು ಅವನೇ.